ಅಕ್ಕನ ಜಾಗ

ಆಸ್ಟ್ರಿಯದ ರಾಣಿ ಮರಿಯಾ ತೆರೇಸಾಗೆ ಕರೊಲೀನಾ ಎಂಬ ಹೆಸರಿನ ಮಗಳು ಮೂರು ಸಲ ಹುಟ್ಟಿದಳು. 1740ರಲ್ಲಿ ಹುಟ್ಟಿದವಳು ಒಂದು ವರ್ಷ ತುಂಬಿದ ಕೆಲವೇ ದಿನಗಳಲ್ಲಿ ತೀರಿಕೊಂಡಳು. 1748ರಲ್ಲಿ ಹುಟ್ಟಿದವಳು ಹುಟ್ಟಿದ ದಿನವೇ ಹೋದಳು. 1752ರಲ್ಲಿ ಹುಟ್ಟಿದ ಮೂರನೆಯವಳು ಬದುಕಿದಳು. ಎಲಿಸಬೆತ್ ಎಂಬ ಹೆಸರೂ ಹೀಗೆಯೇ ಇಬ್ಬರಿಗೆ ಬಂತು. ಸತ್ತ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಡುವುದು ಆ ಕಾಲದ ಯುರೋಪಿನಲ್ಲಿ ಅಪರೂಪವೇನಲ್ಲ. ನಮ್ಮಲ್ಲೂ ಹೋದವರ ಹೆಸರು ಮತ್ತೆ ಮನೆಗೆ ಬರುತ್ತದೆ. ಆದರೂ ವಂಶಾವಳಿಯ ಪುಟದಲ್ಲಿ ಒಂದೇ ಹೆಸರು ಮೂರು ಕಡೆ ಕಂಡಾಗ ನನಗೆ ಅನ್ನಿಸಿದ್ದು ಇಷ್ಟು: ಈ ಮನೆಯಲ್ಲಿ ಹೆಸರು ಮೊದಲೇ ತಯಾರಾಗಿರುತ್ತದೆ, ಅದರೊಳಗೆ ಕೂರುವ ಹುಡುಗಿ ಆಮೇಲೆ ಬರುತ್ತಾಳೆ.

ನನ್ನ ಪಿಎಚ್.ಡಿ. ವಿಷಯ ರಾಜಮನೆತನದ ಹೆಂಗಸರ ಪತ್ರಗಳು. ತೆರೇಸಾ ಮತ್ತು ಅವಳ ಮಕ್ಕಳ ನಡುವಿನ ಪತ್ರಗಳನ್ನು ವಿಯೆನ್ನಾದ ಇತಿಹಾಸಕಾರ ಆಲ್ಫ್ರೆಡ್ ಫಾನ್ ಆರ್ನೆಟ್ 19ನೇ ಶತಮಾನದಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದ. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಮನೆಯ ಹೆಣ್ಣುಮಕ್ಕಳ ಪೈಕಿ ಒಬ್ಬಳೇ ಕಾಣಿಸಿಕೊಳ್ಳುತ್ತಾಳೆ. ಫ್ರೆಂಚ್ ಕ್ರಾಂತಿಯ ಪಾಠದಲ್ಲಿ ಬರುವ ಮೇರಿ ಆಂಟೊನೆಟ್. ಆದರೆ ಪತ್ರಗಳ ಲೋಕದಲ್ಲಿ ಅವಳು ಎಂಟು ಜನ ಅಕ್ಕತಂಗಿಯರಲ್ಲಿ ಕೊನೆಯವಳು. ಅವಳಿಗಿಂತ ಮುಂಚಿನ ಏಳು ಜನರಿಗೆ ಏನಾಯಿತು ಎಂದು ತಿಳಿಯದೆ, ಅವಳು ಪ್ಯಾರಿಸ್ಸಿಗೆ ಯಾಕೆ ಹೋದಳು ಎಂಬುದು ತಿಳಿಯುವುದಿಲ್ಲ.

1740ರಲ್ಲಿ ತೆರೇಸಾ ಪಟ್ಟಕ್ಕೆ ಬಂದ ಕೂಡಲೇ ಪ್ರಷ್ಯದ ಫ್ರೆಡ್ರಿಕ್ ಅವಳ ಸಿಲೇಸಿಯಾ ಪ್ರಾಂತ್ಯವನ್ನು ಕಿತ್ತುಕೊಂಡ. ಅದನ್ನು ಮರಳಿ ಪಡೆಯಲು ಅವಳು ಮಾಡದ ಪ್ರಯತ್ನವಿಲ್ಲ. ಕೊನೆಗೆ 1756ರಲ್ಲಿ, ಸುಮಾರು ಎರಡೂವರೆ ಶತಮಾನ ಹಗೆ ಸಾಧಿಸಿದ್ದ ಫ್ರಾನ್ಸಿನ ಜೊತೆಗೇ ಒಪ್ಪಂದ ಮಾಡಿಕೊಂಡಳು. ಫ್ರಾನ್ಸನ್ನು ಆಳುತ್ತಿದ್ದ ಬೂರ್ಬನ್ ಮನೆತನದ ಕೊಂಬೆಗಳು ಸ್ಪೇನ್, ನೇಪಲ್ಸ್, ಪಾರ್ಮಾಗಳಲ್ಲೂ ಇದ್ದವು. ಕಾಗದದ ಮೇಲಿನ ಸ್ನೇಹ ಗಟ್ಟಿಯಾಗಬೇಕಾದರೆ ಒಂದೊಂದು ಕೊಂಬೆಗೂ ಒಂದೊಂದು ಸಂಬಂಧ ಬೆಳೆಸಬೇಕು. ತೆರೇಸಾಗೆ ಹುಟ್ಟಿದ ಹದಿನಾರು ಮಕ್ಕಳಲ್ಲಿ ಹನ್ನೊಂದು ಹೆಣ್ಣು. ಮೂವರು ಎಳವೆಯಲ್ಲೇ ಹೋಗಿ ಎಂಟು ಉಳಿದಿದ್ದರು. ಆನ್ನಾ, ಕ್ರಿಸ್ಟೀನಾ, ಎಲಿಸಬೆತ್, ಅಮಾಲಿಯಾ, ಯೋಹಾನ್ನಾ, ಯೋಸೆಫಾ, ಕರೊಲೀನಾ, ಆಂಟೋನಿಯಾ. ಎಲ್ಲರ ಹೆಸರಿನ ಮುಂದೆಯೂ ಮರಿಯಾ.

ನೇಪಲ್ಸಿನ ಬಾಲರಾಜ ಫರ್ಡಿನಾಂಡನಿಗೆ ಮೊದಲು ಗೊತ್ತಾದವಳು ಯೋಹಾನ್ನಾ. 1762ರ ಡಿಸೆಂಬರಿನಲ್ಲಿ ಸಿಡುಬು ಬಂದು ತೀರಿಕೊಂಡಳು. ಆಗ ಅವಳಿಗೆ 12 ವರ್ಷ. ಸಂಬಂಧ ಮುರಿಯಲಿಲ್ಲ, ಒಂದು ವರ್ಷ ಚಿಕ್ಕವಳಾದ ಯೋಸೆಫಾಳ ಕಡೆಗೆ ಸರಿಯಿತು. ತೆರೇಸಾ ಆಗ ಮಕ್ಕಳ ಮೇಲ್ವಿಚಾರಕಿಗೆ ಬರೆದ ಪತ್ರವೊಂದರಲ್ಲಿ, ಬಡಪಾಯಿ ಯೋಸೆಫಾಳನ್ನು ತಾನು ರಾಜಕೀಯಕ್ಕೆ ಕೊಟ್ಟ ಬಲಿ ಎಂದೇ ಎಣಿಸುವುದಾಗಿ ಹೇಳುತ್ತಾಳೆ. ದೇವರಿಗೂ ಗಂಡನಿಗೂ ಸಲ್ಲಬೇಕಾದ್ದನ್ನು ಅವಳು ಸಲ್ಲಿಸಿದರೆ ಸಾಕು, ಸುಖವಾಗಿ ಇರದಿದ್ದರೂ ತನಗೆ ಸಮಾಧಾನ ಎಂಬುದು ಅದರ ಸಾರ. 1767ರ ಅಕ್ಟೋಬರಿನಲ್ಲಿ, ನೇಪಲ್ಸಿಗೆ ಹೊರಡುವ ಸಿದ್ಧತೆಯೆಲ್ಲ ಆಗಿದ್ದಾಗ, ಯೋಸೆಫಾಳೂ ಸಿಡುಬಿನಿಂದ ಸತ್ತಳು. ಅವಳಿಗೆ 16.

ಆಮೇಲೆ ತೆರೇಸಾ ವರನ ತಂದೆ, ಸ್ಪೇನಿನ ದೊರೆ ಮೂರನೇ ಚಾರ್ಲ್ಸ್‌ಗೆ ಬರೆದ ಪತ್ರವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಆದ ನಷ್ಟ ತುಂಬಿಕೊಡಲು ಉಳಿದ ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಸಂತೋಷದಿಂದ ಕೊಡುತ್ತೇನೆ, ಸದ್ಯಕ್ಕೆ ಇಬ್ಬರಿದ್ದಾರೆ ಎನ್ನುತ್ತಾಳೆ. ಅಮಾಲಿಯಾಳ ಮುಖ ಲಕ್ಷಣವಾಗಿದೆ, ಆರೋಗ್ಯ ನೋಡಿದರೆ ಮಕ್ಕಳು ಚೆನ್ನಾಗಿ ಆಗಬಹುದು. ಇನ್ನೊಬ್ಬಳೂ ಗಟ್ಟಿಮುಟ್ಟಾಗಿದ್ದಾಳೆ, ವರನಿಗಿಂತ ಒಂದು ವರ್ಷ ಏಳು ತಿಂಗಳು ಚಿಕ್ಕವಳು. ಅಮಾಲಿಯಾ ವರನಿಗಿಂತ ಸುಮಾರು ಐದು ವರ್ಷ ದೊಡ್ಡವಳು ಎಂಬ ಕಾರಣಕ್ಕೆ ಚಾರ್ಲ್ಸ್ ಚಿಕ್ಕವಳನ್ನು ಒಪ್ಪಿದ. ಹೀಗೆ ಮನೆಯಲ್ಲಿ ಎಲ್ಲರೂ ಷಾರ್ಲಟ್ ಎಂದು ಕರೆಯುತ್ತಿದ್ದ ಮೂರನೆಯ ಕರೊಲೀನಾ, ಸಾಯುವ ಮೊದಲು ಯೋಹಾನ್ನಾಳದ್ದೂ ಆಮೇಲೆ ಯೋಸೆಫಾಳದ್ದೂ ಆಗಿದ್ದ ಜಾಗಕ್ಕೆ 1768ರಲ್ಲಿ ಹೊರಟಳು. ಅವಳಿಗೆ ಆಗ 15 ವರ್ಷ.

ನಮ್ಮ ಅಜ್ಜಿಯ, ಅಂದರೆ ಅಮ್ಮನ ತಾಯಿಯ, ಮದುವೆಯೂ ಹೀಗೇ ಆದದ್ದು. ಹಿರಿಯಕ್ಕ ಬಾಣಂತನದಲ್ಲಿ ತೀರಿಕೊಂಡಳು. ಎರಡು ಮನೆಗಳ ನಡುವೆ ಕೊಡುಕೊಳ್ಳುವುದು ಬೆಳೆದಿತ್ತು, ಕೂಸಿಗೆ ಒಬ್ಬ ತಾಯಿ ಬೇಕಿತ್ತು. ವರ್ಷ ತುಂಬುವುದರೊಳಗೆ ಅಜ್ಜಿಯನ್ನು ಭಾವನಿಗೇ ಧಾರೆ ಎರೆದು ಕೊಟ್ಟರು. ಮದುವೆಯ ಬಗ್ಗೆ ಯಾರಾದರೂ ಕೇಳಿದರೆ ಅವಳು ‘ಮದುವೆಯಾದೆ’ ಅನ್ನುತ್ತಿರಲಿಲ್ಲ. ‘ಅಕ್ಕನ ಜಾಗಕ್ಕೆ ಹೋದೆ’ ಅನ್ನುತ್ತಿದ್ದಳು. ಅದರಲ್ಲಿ ದೂರು ಇರುತ್ತಿರಲಿಲ್ಲ, ಊರ ಹೆಸರು ಹೇಳಿದ ಹಾಗೆ ಇರುತ್ತಿತ್ತು. ತೆರೇಸಾಳ ಪತ್ರ ಓದುವಾಗ ನನಗೆ ಆ ಮಾತಿಗಿಂತ ಒಳ್ಳೆಯ ಪರಿಭಾಷೆ ಸಿಗಲಿಲ್ಲ. ಒಪ್ಪಂದದಲ್ಲಿ ಇರುವುದು ಹುಡುಗಿಯಲ್ಲ, ಜಾಗ. ಹುಡುಗಿ ಸತ್ತರೂ ಜಾಗ ಸಾಯುವುದಿಲ್ಲ.

ಮದುವೆಯ ಸುಖ ಎಂದರೇನೆಂದು ಗೊತ್ತಿಲ್ಲದ ತಾಯಿಯಾಗಿದ್ದರೆ ತೆರೇಸಾಳನ್ನು ಅರ್ಥ ಮಾಡಿಕೊಳ್ಳುವುದು ಸುಲಭವಿತ್ತು. ಅವಳು ತಾನು ಮೆಚ್ಚಿದ ಫ್ರಾನ್ಸಿಸ್‌ನನ್ನೇ 1736ರಲ್ಲಿ ಕೈಹಿಡಿದವಳು. 1765ರಲ್ಲಿ ಅವನು ತೀರಿಕೊಂಡ ಮೇಲೆ ಕೊನೆಯತನಕ ವಿಧವೆಯ ಉಡುಗೆಯಲ್ಲೇ ಇದ್ದಳು. ತನಗೆ ಅಚ್ಚುಮೆಚ್ಚಾಗಿದ್ದ ಕ್ರಿಸ್ಟೀನಾಗೂ ಅದೇ ಭಾಗ್ಯವನ್ನು ಕೊಟ್ಟಳು. ಕ್ರಿಸ್ಟೀನಾ ಪ್ರೀತಿಸಿದ್ದು ಸ್ಯಾಕ್ಸನಿಯ ಆಲ್ಬರ್ಟ್‌ನನ್ನು. ರಾಜ್ಯವಿಲ್ಲದ ಕಿರಿಯ ರಾಜಕುಮಾರ. 1766ರಲ್ಲಿ ಅವರ ಮದುವೆಯಾಯಿತು, ಅಳಿಯನಿಗೆ ಡ್ಯೂಕ್ ಪದವಿಯೂ ಅಧಿಕಾರವೂ ಬಂತು. ಇಂದು ವಿಯೆನ್ನಾದಲ್ಲಿ ಇರುವ ಆಲ್ಬರ್ಟೀನಾ ಚಿತ್ರಸಂಗ್ರಹ ಆ ಗಂಡಹೆಂಡಿರ ಆಸ್ತಿಯಿಂದ ಬೆಳೆದದ್ದು.

ಮೂರು ವರ್ಷಗಳ ನಂತರ ಅಮಾಲಿಯಾಳ ಸರದಿ. ಅವಳು ಮೆಚ್ಚಿದ್ದು ಜ್ವೈಬ್ರೂಕನ್ ಮನೆತನದ ಕಾರ್ಲ್‌ನನ್ನು. ಅವನಿಂದ ಆಸ್ಟ್ರಿಯಕ್ಕೆ ಲಾಭವಿರಲಿಲ್ಲ. ನೇಪಲ್ಸಿಗೆ ದೊಡ್ಡವಳಾದಳು ಎನ್ನಿಸಿಕೊಂಡ 23 ವರ್ಷದ ಅಮಾಲಿಯಾಳನ್ನು 1769ರಲ್ಲಿ ಪಾರ್ಮಾದ 18 ವರ್ಷದ ಡ್ಯೂಕ್‌ಗೆ ಕೊಟ್ಟರು. ಅಲ್ಲಿ ವಯಸ್ಸು ಅಡ್ಡಬರಲಿಲ್ಲ. ಅದು ಕೊಟ್ಟು ತರುವ ಸಂಬಂಧ: ಈ ಡ್ಯೂಕ್‌ನ ಅಕ್ಕ ಇಸಬೆಲ್ಲಾ 1760ರಲ್ಲಿ ವಿಯೆನ್ನಾಕ್ಕೆ ಸೊಸೆಯಾಗಿ ಬಂದು, ಮೂರೇ ವರ್ಷದಲ್ಲಿ ಸಿಡುಬಿನಿಂದ ಸತ್ತಿದ್ದಳು. ರಾಜಕುಮಾರಿಯಾಗಿ ಹುಟ್ಟುವುದು ಎಷ್ಟು ದೊಡ್ಡ ದೌರ್ಭಾಗ್ಯ, ಜನಹಿತದ ಹೆಸರಿನಲ್ಲಿ ಅವಳನ್ನು ಹೇಗೆ ಅಪರಿಚಿತರಿಗೆ ಒಪ್ಪಿಸುತ್ತಾರೆ ಎಂದು ಇಸಬೆಲ್ಲಾ ಫ್ರೆಂಚಿನಲ್ಲಿ ಬರೆದಿಟ್ಟಿದ್ದಾಳೆ. ಅವಳು ಬಿಟ್ಟುಬಂದ ಊರಿಗೆ ಅಮಾಲಿಯಾ ಹೋದಳು. ಹೋದವಳು ತಾಯಿಯ ಮಾತು ಕೇಳಲಿಲ್ಲ. ಫ್ರಾನ್ಸಿಗೂ ಸ್ಪೇನಿಗೂ ಬೇಕಾಗಿದ್ದ ಮಂತ್ರಿ ಡ್ಯು ತಿಲೋನನ್ನು 1771ರಲ್ಲಿ ಹೊರಹಾಕಿಸಿದಳು. ತಾಯಿಮಗಳ ಸಂಬಂಧ ಕಡಿದುಬಿತ್ತು. ಅವಳ ಬಗ್ಗೆ ಬರೆದವರು ಬಹಳ ಕಾಲ ಅವಳನ್ನು ಹಟಮಾರಿ ಎಂದೇ ಬರೆದರು. ಅವಳಿಗೆ ಕೈಗೆಟುಕಿದ ಒಂದೇ ಪ್ರತಿಭಟನೆ ಅದು ಎಂದು ನನಗೆ ಅನ್ನಿಸುತ್ತದೆ.

ಇನ್ನು ಇಬ್ಬರು ಯಾವ ಜಾಗಕ್ಕೂ ಹೋಗಲಿಲ್ಲ. ಎಂಟರಲ್ಲಿ ಚೆಲುವೆ ಎಂದು ಹೆಸರಾಗಿದ್ದ ಎಲಿಸಬೆತ್‌ಗೆ 1767ರಲ್ಲಿ ಸಿಡುಬು ಬಂತು. ಜೀವ ಉಳಿಯಿತು, ಮುಖದಲ್ಲಿ ಕಲೆ ಉಳಿಯಿತು, ಸಂಬಂಧದ ಮಾತುಗಳು ನಿಂತವು. ತಾಯಿಯ ಕಾಲಾನಂತರ ಇನ್ಸ್‌ಬ್ರುಕ್‌ನ ಮಠದ ಮುಖ್ಯಸ್ಥೆಯಾಗಿ ಬದುಕಿದಳು. ಹಿರಿಯವಳಾದ ಆನ್ನಾಗೆ ಚಿಕ್ಕಂದಿನಿಂದ ಕಾಯಿಲೆ, ಬೆನ್ನು ಬಾಗಿತ್ತು. ಅವಳು ಖನಿಜಗಳನ್ನೂ ನಾಣ್ಯಗಳನ್ನೂ ಅಧ್ಯಯನ ಮಾಡಿದಳು. ಅವಳ ಖನಿಜ ಸಂಗ್ರಹ ಬುಡಾ ವಿಶ್ವವಿದ್ಯಾಲಯ ಸೇರಿತು. 1781ರಲ್ಲಿ ಕ್ಲಾಗನ್‌ಫುರ್ಟ್‌ನ ಕ್ರೈಸ್ತ ಸಂನ್ಯಾಸಿನಿಯರ ನೆರೆಯಲ್ಲಿ ಮನೆ ಮಾಡಿಕೊಂಡು ಕೊನೆಯತನಕ ಅಲ್ಲೇ ಇದ್ದಳು. ಸೋದರಿಯರಲ್ಲಿ ತನ್ನದೇ ಎಂದು ಹೇಳಬಹುದಾದ ಕೆಲಸವೊಂದು ಇದ್ದದ್ದು, ಯಾರಿಗೂ ಬೇಡವಾಗಿ ಉಳಿದ ಈ ಆನ್ನಾಗೆ.

ಕೊನೆಗೆ ಆಂಟೋನಿಯಾ. 1769ರಲ್ಲಿ ಫ್ರಾನ್ಸಿನಿಂದ ಡ್ಯುಕ್ರೂ ಎಂಬ ಚಿತ್ರಕಾರ ಬಂದು ಅವಳ ಚಿತ್ರ ಬರೆದುಕೊಂಡು ಹೋದ. 1770ರ ಏಪ್ರಿಲ್‌ನಲ್ಲಿ, ವರನೇ ಇಲ್ಲದೆ, ವಿಯೆನ್ನಾದಲ್ಲಿ ಮದುವೆಯಾಯಿತು. ಮೇ 7ರಂದು ಸ್ಟ್ರಾಸ್‌ಬರ್ಗ್ ಹತ್ತಿರ ರೈನ್ ನದಿಯ ನಡುಗಡ್ಡೆಯೊಂದರಲ್ಲಿ ಅದಕ್ಕೆಂದೇ ಕಟ್ಟಿದ ಮಂಟಪದಲ್ಲಿ ಅವಳನ್ನು ಫ್ರೆಂಚರ ಕೈಗೆ ಒಪ್ಪಿಸಿದರು. ನಮ್ಮ ಮದುವೆಗಳಲ್ಲಿ ಹೆಣ್ಣೊಪ್ಪಿಸುವ ಶಾಸ್ತ್ರ ಇರುತ್ತದಲ್ಲ, ಇದು ಅದೇ, ಆದರೆ ತಾಯಿತಂದೆ ಇಲ್ಲ, ಅಳುವವರಿಲ್ಲ, ರಾಯಭಾರಿಗಳಿದ್ದಾರೆ. ಆಸ್ಟ್ರಿಯದ ಕಡೆಯಿಂದ ಒಳಗೆ ಹೋದ ಹುಡುಗಿ ತವರಿನ ಪರಿವಾರವನ್ನು ಹಿಂದೆ ಬಿಟ್ಟು, ಫ್ರೆಂಚ್ ಉಡುಗೆಯಲ್ಲಿ ಆ ಕಡೆಯಿಂದ ಹೊರಬರಬೇಕು. ಆಗ ಸ್ಟ್ರಾಸ್‌ಬರ್ಗ್‌ನಲ್ಲಿ ಓದುತ್ತಿದ್ದ ಗಯಟೆ ಆ ಮಂಟಪವನ್ನು ನೋಡಲು ಹೋಗಿದ್ದ. ಗೋಡೆಗೆ ತೂಗುಬಿಟ್ಟಿದ್ದ ನೇಯ್ಗೆಯ ಚಿತ್ರಗಳಲ್ಲಿ ಇದ್ದದ್ದು ಜೇಸನ್ ಮತ್ತು ಮೆಡಿಯಾರ ಘೋರವಾದ ಮದುವೆಯ ಕಥೆ ಎಂದು ಕಂಡು ಅವನು ಸಿಡಿಮಿಡಿಗೊಂಡದ್ದನ್ನು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಆಂಟೋನಿಯಾಗೆ 14 ವರ್ಷ. ಮಂಟಪದಿಂದ ಹೊರಗೆ ಬಂದಾಗ ಅವಳು ಮೇರಿ ಆಂಟೊನೆಟ್.

ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂದು ನಮ್ಮ ಗಾದೆ. ಈ ಹೆಣ್ಣುಮಕ್ಕಳ ಕಷ್ಟ ಅದಕ್ಕಿಂತ ಒಂದು ಸುತ್ತು ಹೆಚ್ಚಿನದು. ಕೊಟ್ಟ ಮೇಲೂ ಅವರು ಕುಲಕ್ಕೆ ಒಳಗೇ ಇರಬೇಕಿತ್ತು. ತಿಂಗಳು ತಿಂಗಳು ವಿಯೆನ್ನಾದಿಂದ ಓಲೆಕಾರ ಬರುತ್ತಿದ್ದ. ಒಂದೇ ಪತ್ರದಲ್ಲಿ ತಾಯಿ, ಪೂರ್ತಿ ಫ್ರೆಂಚಳಾಗು ಎಂದೂ ಬುದ್ಧಿ ಹೇಳುತ್ತಿದ್ದಳು, ಒಳ್ಳೆಯ ಜರ್ಮನಳಾಗಿ ಉಳಿ ಎಂಬ ದನಿಯೂ ಅಲ್ಲಿ ಇರುತ್ತಿತ್ತು. ಗರ್ಭ ನಿಂತಿತೇ ಎಂಬ ಪ್ರಶ್ನೆ ತಪ್ಪುತ್ತಿರಲಿಲ್ಲ. ಮೊದಲ ಮಗು ಹುಟ್ಟಿದ್ದು 1778ರಲ್ಲಿ. ಆಸ್ಟ್ರಿಯದ ರಾಯಭಾರಿ ಮೆರ್ಸಿ, ಮಗಳು ಏನು ಮಾಡಿದಳು, ಯಾರ ಜೊತೆ ಮಾತಾಡಿದಳು ಎಂದು ಗುಟ್ಟಾಗಿ ತಾಯಿಗೆ ವರದಿ ಕಳಿಸುತ್ತಿದ್ದ. ಮುದಿ ದೊರೆಯ ಉಪಪತ್ನಿ ಡ್ಯು ಬಾರಿಯ ಜೊತೆ ಆಂಟೊನೆಟ್ ಮಾತಾಡಲು ಒಪ್ಪಲಿಲ್ಲ. ಅದೇ ಹೊತ್ತಿಗೆ ಪೋಲೆಂಡನ್ನು ಹಂಚಿಕೊಳ್ಳುವ ಮಾತುಕತೆ ನಡೆದಿತ್ತು, ತೆರೇಸಾಗೆ ಫ್ರಾನ್ಸ್ ಮುನಿಯದಿರುವುದು ಮುಖ್ಯವಾಗಿತ್ತು. ಒತ್ತಾಯ ತಾಳಲಾರದೆ ಮಗಳು 1772ರ ಜನವರಿ 1ರಂದು, ಇವತ್ತು ಅರಮನೆಯಲ್ಲಿ ಬಹಳ ಜನ ಸೇರಿದ್ದಾರೆ ಎಂಬ ಅರ್ಥದ ಒಂದು ಮಾತನ್ನು ಅವಳ ಕಡೆ ಎಸೆದಳು. ಆ ವರ್ಷವೇ ಪೋಲೆಂಡಿನ ಮೊದಲ ವಿಭಜನೆಯಾಯಿತು. 16 ವರ್ಷದ ಹುಡುಗಿಯ ಒಂದು ಮಾತಿನಿಂದ ವಿಭಜನೆಯಾಯಿತು ಎಂದಲ್ಲ. ಆದರೆ ಆ ಮಾತಿಗೂ ಲೆಕ್ಕದಲ್ಲಿ ಒಂದು ಸಾಲು ಇತ್ತು.

ಇಪ್ಪತ್ತು ವರ್ಷಗಳ ನಂತರ ಅದೇ ಅಭ್ಯಾಸ ಅವಳ ಕೊರಳಿಗೆ ಬಂತು. 1792ರ ಮಾರ್ಚ್‌ನಲ್ಲಿ, ಫ್ರಾನ್ಸ್ ಆಸ್ಟ್ರಿಯದ ಮೇಲೆ ಯುದ್ಧ ಸಾರುವ ಕೆಲವು ವಾರಗಳ ಮುಂಚೆ, ಅವಳು ಫ್ರೆಂಚ್ ಸೇನೆಯ ಯೋಜನೆಯನ್ನು ಮೆರ್ಸಿಗೆ ಗುಟ್ಟಾಗಿ ತಿಳಿಸಿದಳು. ಮಗಳಾಗಿ ಅವಳಿಗೆ ಕಲಿಸಿದ್ದು ಇದನ್ನೇ: ತವರಿಗೆ ಸುದ್ದಿ ಮುಟ್ಟಿಸು. ಫ್ರಾನ್ಸಿನ ಕಾನೂನಿನಲ್ಲಿ ಇದಕ್ಕೆ ರಾಜದ್ರೋಹ ಎಂದು ಹೆಸರು. 1793ರ ಅಕ್ಟೋಬರಿನಲ್ಲಿ ವಿಚಾರಣೆ ನಡೆದಾಗ ನ್ಯಾಯಾಲಯದ ಕೈಯಲ್ಲಿ ಈ ಪುರಾವೆ ಇರಲಿಲ್ಲ, ‘ಆಸ್ಟ್ರಿಯದವಳು’ ಎಂಬ ಗುಮಾನಿಯೇ ಸಾಕಾಯಿತು. ವಿಯೆನ್ನಾದ ಸಿಂಹಾಸನದ ಮೇಲೆ ಆಗ ಇದ್ದವನು ಅವಳ ಅಣ್ಣನ ಮಗ. ಅವಳನ್ನು ಬಿಡಿಸಿಕೊಳ್ಳಲು ಅವನು ದೊಡ್ಡ ಪ್ರಯತ್ನವೇನೂ ಮಾಡಲಿಲ್ಲ.

ಅದೇ ವರ್ಸೇಲ್ಸಿಗೆ, ಅವಳು ರಾಣಿಯಾಗಿದ್ದಾಗ, ಶ್ರೀರಂಗಪಟ್ಟಣದಿಂದ ಮೂವರು ರಾಯಭಾರಿಗಳು ಹೋಗಿದ್ದರು. ಇಂಗ್ಲಿಷರ ವಿರುದ್ಧ ಸೈನ್ಯದ ನೆರವು ಕೇಳಿ ಟಿಪ್ಪು ಕಳಿಸಿದ್ದ ಅವರನ್ನು ಹದಿನಾರನೇ ಲೂಯಿ 1788ರ ಆಗಸ್ಟ್ 10ರಂದು ಬರಮಾಡಿಕೊಂಡ. ಸೈನ್ಯ ಸಿಗಲಿಲ್ಲ. 1792ರಲ್ಲಿ ಸೋತ ಟಿಪ್ಪು ತನ್ನ ಇಬ್ಬರು ಚಿಕ್ಕ ಗಂಡುಮಕ್ಕಳನ್ನು ಕಾರ್ನ್‌ವಾಲಿಸನಿಗೆ ಒಪ್ಪಿಸಬೇಕಾಯಿತು. ಆ ಚಿತ್ರವನ್ನು ನಾವೆಲ್ಲ ಶಾಲೆಯ ಪುಸ್ತಕದಲ್ಲಿ ನೋಡಿ ಮರುಗಿದ್ದೇವೆ. ಒಪ್ಪಂದ ಉಳಿಯಲಿ ಎಂದು ಗಂಡುಮಕ್ಕಳನ್ನು ಕೊಟ್ಟರೆ ಅದಕ್ಕೆ ಒತ್ತೆ ಎಂಬ ಹೆಸರಿದೆ, ಷರತ್ತು ತೀರಿದ ಮೇಲೆ ಮರಳಿಸುವ ಮಾತೂ ಇರುತ್ತದೆ. ಟಿಪ್ಪುವಿನ ಮಕ್ಕಳು ಎರಡು ವರ್ಷಕ್ಕೆ ಮನೆಗೆ ಬಂದರು. ಹೆಣ್ಣುಮಕ್ಕಳನ್ನು ಕೊಟ್ಟರೆ ಅದಕ್ಕೆ ಸಂಬಂಧ ಎನ್ನುತ್ತೇವೆ. ಮರಳಿಸುವ ಷರತ್ತು ಅದರಲ್ಲಿ ಇಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನನ್ನ ಅಧ್ಯಾಯ ಬರೆಯುವುದು ಸಲೀಸಾಗಿತ್ತು. ಕರೊಲೀನಾ ಅದನ್ನು ಕಷ್ಟ ಮಾಡುತ್ತಾಳೆ. ನೇಪಲ್ಸಿಗೆ ಹೋದ ವರ್ಷ ಅವಳು ತನ್ನ ಮೇಲ್ವಿಚಾರಕಿಗೆ ಬರೆದ ಪತ್ರದಲ್ಲಿ, ಸಾಯುವುದೇ ಮೇಲು ಎನ್ನಿಸುವಂಥ ದಿನಗಳನ್ನು ಕಳೆದೆ, ತಂಗಿ ಆಂಟೋನಿಯಾಗೂ ಇಂಥ ದಿನ ಬಂದಾಗ ನಾನು ತುಂಬ ಅಳುತ್ತೇನೆ ಎನ್ನುತ್ತಾಳೆ. ಗಂಡನಿಗೆ ಬೇಟೆ, ಮೀನು ಹಿಡಿಯುವುದು ಬಿಟ್ಟರೆ ಬೇರೆ ಆಸಕ್ತಿಯಿಲ್ಲ. ಆದರೆ ತಾಯಿ ಮದುವೆಯ ಕರಾರಿನಲ್ಲಿ ಒಂದು ಷರತ್ತು ಹಾಕಿಸಿದ್ದಳು. ಗಂಡುಮಗು ಹುಟ್ಟಿದ ಮೇಲೆ ರಾಣಿಗೆ ರಾಜ್ಯದ ಮಂತ್ರಾಲೋಚನಾ ಸಭೆಯಲ್ಲಿ ಆಸನ. 1775ರಲ್ಲಿ ಮಗ ಹುಟ್ಟಿದ, ಕರೊಲೀನಾ ಸಭೆಯಲ್ಲಿ ಕೂತಳು. ಮರುವರ್ಷವೇ ಬಹುಕಾಲದ ಮಂತ್ರಿ ತನೂಚ್ಚಿ ಮನೆಗೆ ಹೋದ. ಅಲ್ಲಿಂದ ಮುಂದೆ ನೇಪಲ್ಸನ್ನು ಆಳಿದವಳು ಅವಳೇ. ಅವಳನ್ನು ಮಾರಿದ ಕಾಗದವೇ ಅವಳಿಗೆ ಕುರ್ಚಿಯನ್ನೂ ಕೊಟ್ಟಿತ್ತು.

ತಂಗಿಯ ಶಿರಚ್ಛೇದದ ನಂತರ ಅವಳಿಗೆ ಫ್ರಾನ್ಸಿನ ಹೆಸರು ಕೇಳಿದರೆ ಆಗುತ್ತಿರಲಿಲ್ಲ. 1798ರ ಕೊನೆಯಲ್ಲಿ ಫ್ರೆಂಚ್ ಸೇನೆ ಹತ್ತಿರ ಬಂದಾಗ ನೆಲ್ಸನ್ನನ ಹಡಗಿನಲ್ಲಿ ಪಲೆರ್ಮೊಗೆ ಓಡಿದಳು. ಬಿರುಗಾಳಿಯ ಆ ಪ್ರಯಾಣದಲ್ಲಿ, ಕ್ರಿಸ್‌ಮಸ್ ದಿನ, ಆರು ವರ್ಷದ ಮಗ ಸತ್ತ. ಮರುವರ್ಷ ನೇಪಲ್ಸ್ ಮತ್ತೆ ಕೈಗೆ ಬಂದಾಗ ಗಣರಾಜ್ಯದ ಪರ ನಿಂತವರನ್ನು ಗಲ್ಲಿಗೇರಿಸಿದರು. ಹಿಂದೆ ಅರಮನೆಯ ಕೃಪೆಯಲ್ಲಿದ್ದ ಕವಿ ಎಲಿಯೊನೊರಾ ಪಿಮೆಂತೆಲ್ ಅವರಲ್ಲಿ ಒಬ್ಬಳು. ಕರೊಲೀನಾಳ ದುಃಖ ನಿಜ, ಕ್ರೌರ್ಯವೂ ನಿಜ.

ಹೆಣ್ಣುಮಕ್ಕಳ ವಿಷಯದಲ್ಲಿ ಅವಳು ತಾಯಿಯ ದಾರಿಯನ್ನೇ ಹಿಡಿದಳು. 1790ರಲ್ಲಿ ಇಬ್ಬರನ್ನು ಅಣ್ಣ ಲಿಯೊಪೋಲ್ಡನ ಇಬ್ಬರು ಗಂಡುಮಕ್ಕಳಿಗೆ ಕೊಟ್ಟಳು. ಮತ್ತೊಬ್ಬಳಿಗೆ ಇದ್ದದ್ದು ತಂಗಿಯ ಹೆಸರೇ, ಮರಿಯಾ ಆಂಟೋನಿಯಾ. ಅವಳನ್ನು 1802ರಲ್ಲಿ ಸ್ಪೇನಿನ ಯುವರಾಜನಿಗೆ ಕೊಟ್ಟಳು. ಅವಳು 21ನೇ ವಯಸ್ಸಿನಲ್ಲಿ ಅಲ್ಲೇ ಸತ್ತಳು. ಇನ್ನೊಬ್ಬ ಮಗಳು ಅಮಾಲಿಯಾಳನ್ನು 1809ರಲ್ಲಿ ಓರ್ಲಿಯನ್ಸ್‌ನ ಲೂಯಿ ಫಿಲಿಪ್‌ಗೆ ಮದುವೆ ಮಾಡಿದಳು. ಅವನ ತಂದೆ ಹದಿನಾರನೇ ಲೂಯಿಯ ಮರಣದಂಡನೆಯ ಪರ ಮತ ಹಾಕಿದ್ದವನು. ತಂಗಿಗಾಗಿ ಅಳುತ್ತೇನೆ ಎಂದವಳು ಮಕ್ಕಳಿಗೆ ಯಾಕೆ ಹೀಗೆ ಮಾಡಿದಳು? ಮಾರ್ಗದರ್ಶಕರು ಕರಡಿನ ಅಂಚಿನಲ್ಲಿ ಒಂದೇ ಪ್ರಶ್ನೆ ಬರೆದರು: ಇವಳು ಪಗಡೆಯ ಕಾಯಿಯೋ, ಆಡಿಸುವವಳೋ?

ಅದಕ್ಕೆ ಉತ್ತರ ನನಗೆ ಸಿಕ್ಕಿದ್ದು ಗ್ರಂಥಾಲಯದಲ್ಲಿ ಅಲ್ಲ. ಅಕ್ಕನ ಜಾಗಕ್ಕೆ ಹೋದ ನಮ್ಮ ಅಜ್ಜಿ ಸಂಬಂಧ ಕುದುರಿಸುವುದರಲ್ಲಿ ಎತ್ತಿದ ಕೈ. ನನಗೆ ಇಪ್ಪತ್ತೆರಡು ತುಂಬಿದ ವರ್ಷ ಮನೆಗೆ ಮೊದಲ ಜಾತಕ ತಂದವಳು ಅವಳೇ. ‘ನಿನಗೆ ಆದದ್ದೆಲ್ಲ ಮರೆತುಹೋಯ್ತಾ ಅಜ್ಜಿ?’ ಎಂದು ಸಿಟ್ಟಿನಲ್ಲಿ ಕೇಳಿದ್ದೆ. ಅವಳು ಕವಳ ಹಾಕುತ್ತಿದ್ದವಳು ತಲೆಯೆತ್ತದೆ, ‘ಮರೆತಿದ್ರೆ ಇಷ್ಟು ಹುಡುಕ್ತಿದ್ನೇನೆ? ಸಿಕ್ಕಿದ ಮನೆಗೆ ಕೊಡು ಅಂತಿದ್ದೆ’ ಅಂದಳು. ಅವಳು ನನ್ನನ್ನು ಜಾಗದಿಂದ ಬಿಡಿಸಲು ನೋಡುತ್ತಿರಲಿಲ್ಲ, ಒಳ್ಳೆಯ ಜಾಗ ಹುಡುಕುತ್ತಿದ್ದಳು. ಜಾಗವೇ ಇಲ್ಲದೆ ಹೆಣ್ಣು ಬದುಕಬಹುದು ಎಂಬುದು ಅವಳು ಕಂಡ ಲೋಕದಲ್ಲಿ ಇರಲಿಲ್ಲ. ಕರೊಲೀನಾಳ ಪತ್ರಗಳನ್ನು ಈಗ ಹಾಗೆ ಓದುತ್ತೇನೆ. ಕಾಯಿಯಾಗಿದ್ದವಳು ಆಟ ಕಲಿತಳು. ಆಟವನ್ನು ನಿಲ್ಲಿಸುವುದು ಆಟದ ನಿಯಮಗಳಲ್ಲಿ ಇರಲಿಲ್ಲ. ಇದರಿಂದ ಅವಳ ಮೇಲಿನ ಸಿಟ್ಟು ಹೋಗುವುದಿಲ್ಲ. ಅಜ್ಜಿಯ ಮೇಲಿನದೂ ಪೂರ್ತಿ ಹೋಗಿಲ್ಲ, ಆ ಜಾತಕವನ್ನು ವಾಪಸು ಕಳಿಸಿದ್ದಕ್ಕೆ ನನಗೆ ಬೇಸರವೂ ಇಲ್ಲ.

ಆಟ ಮುಂದುವರಿಯಿತು. 1810ರಲ್ಲಿ ನೆಪೋಲಿಯನ್ನನಿಗೆ ರಾಜವಂಶದ ಹೆಂಡತಿ ಬೇಕಾದಾಗ ಮೊದಲು ಕೇಳಿದ್ದು ರಷ್ಯದ ಜಾರ್‌ನ ತಂಗಿಯನ್ನು. ಅಲ್ಲಿ ಮಾತು ಎಳೆಯುತ್ತಿದ್ದಂತೆ ವಿಯೆನ್ನಾದ ಕಡೆ ತಿರುಗಿದ. ಸಿಕ್ಕಿದವಳು 18 ವರ್ಷದ ಮರಿ ಲೂಯಿಸ್, ಕರೊಲೀನಾಳ ಮೊಮ್ಮಗಳು. ಗಡಿಯ ಬ್ರೌನೌ ಊರಿನಲ್ಲಿ, 1770ರ ಮಾದರಿಯಲ್ಲೇ ಮಂಟಪ ಕಟ್ಟಿ ಅವಳನ್ನು ಒಪ್ಪಿಸಿದರು. 1830ರಲ್ಲಿ ಲೂಯಿ ಫಿಲಿಪ್ ಫ್ರೆಂಚರ ದೊರೆಯಾದಾಗ ಕರೊಲೀನಾಳ ಮಗಳು ಅಮಾಲಿಯಾ ರಾಣಿಯಾದಳು, ಚಿಕ್ಕಮ್ಮನ ತಲೆ ಉರುಳಿದ ಊರಿನಲ್ಲಿ.

ಈ ಅಮಾಲಿಯಾ ತನ್ನ ಮಗಳು ಲೂಯಿಸ್‌ಳನ್ನು 1832ರಲ್ಲಿ ಬೆಲ್ಜಿಯಂನ ಮೊದಲ ದೊರೆ ಲಿಯೊಪೋಲ್ಡ್‌ಗೆ ಕೊಟ್ಟಳು. ವರ ಅವಳಿಗಿಂತ 21 ವರ್ಷ ದೊಡ್ಡವನು, ಹೆಂಡತಿ ಸತ್ತವನು. ಆ ಮೊದಲ ಹೆಂಡತಿ ಇಂಗ್ಲೆಂಡಿನ ರಾಜಕುಮಾರಿ, 1817ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಅವಳ ಹೆಸರು ಷಾರ್ಲಟ್. 1840ರಲ್ಲಿ ಲೂಯಿಸ್‌ಗೆ ಹೆಣ್ಣುಮಗು ಹುಟ್ಟಿದಾಗ, ಗಂಡನ ಸತ್ತ ಹೆಂಡತಿಯ ನೆನಪಿಗೆ ಮಗುವಿಗೆ ಷಾರ್ಲಟ್ ಎಂದೇ ಹೆಸರಿಟ್ಟರು. ಹದಿನೇಳು ವರ್ಷಕ್ಕೆ ಅವಳನ್ನು ವಿಯೆನ್ನಾದ ಹ್ಯಾಪ್ಸ್‌ಬರ್ಗ್ ಮನೆತನದ ಮ್ಯಾಕ್ಸಿಮಿಲಿಯನ್‌ಗೆ ಕೊಟ್ಟರು. ಆ ಸಲ ಕಾಯುತ್ತಿದ್ದ ಜಾಗ ಯುರೋಪಿನಲ್ಲಿ ಇರಲಿಲ್ಲ, ಮೆಕ್ಸಿಕೋದಲ್ಲಿ ಇತ್ತು.